ಅಪ್ಪನ ಉದ್ದಮೂತಿ

ಅವನಿಗೆ ಹಲ್ಲಣ್ಣ ಅಂತ ಹೆಸರಿಟ್ಟವರು ಹೆಚ್ಚು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಅವನ ಕೆಲಸವೇ ಹಲ್ಲು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಗುಲಾಬಿ ಮೇಣದಲ್ಲಿ ವಸಡು ಮಾಡಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ತಿಕ್ಕಿ ತಿಕ್ಕಿ ಹೊಳಪು ಬರಿಸಿ ವಾಪಸ್ ಕಳಿಸುತ್ತಾನೆ. ಊರಲ್ಲಿ ಎಷ್ಟೋ ಮುದುಕರು ಬಾಯ್ತುಂಬ ನಗುವುದು ಇವನ ಪುಣ್ಯದಿಂದ. ಅವರಲ್ಲಿ ಒಬ್ಬರೂ ಇವನ ಮುಖ ನೋಡಿದವರಲ್ಲ. ಬಸ್ಸಿನಲ್ಲಿ ಎದುರು ಕೂತವರು ನಕ್ಕರೆ ಇವನು ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾನೆ. ಮೇಲಿನ ಸಾಲು ನನ್ನದು, ಕೆಳಗಿನದು ಯಾರೋ ಗಾರೆ ಕೆಲಸದವನು ಕೂರಿಸಿದ್ದು ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟು, ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾನೆ.

ಇಂಥ ಮನುಷ್ಯನಿಗೆ ಇದ್ದದ್ದು ಒಂದೇ ಹುಚ್ಚು. ಹಳೇ ಫಿಲ್ಮ್ ಕ್ಯಾಮೆರಾಗಳಿಗೆ ಹಾಕುವ ಉದ್ದನೆಯ ಜೂಮ್ ಲೆನ್ಸು. ದೂರದ್ದನ್ನು ಎಳೆದು ತಂದು ಮೂಗಿನ ಮುಂದೆ ನಿಲ್ಲಿಸುವ ಆ ಲೋಹದ ಕೊಳವೆಗೆ ಅಂಗಡಿಯವರ ಬಾಯಲ್ಲಿ ಉದ್ದಮೂತಿ ಅಂತಲೇ ಹೆಸರು.

ಹುಚ್ಚು ಹಿಡಿಸಿದ್ದು ಅಪ್ಪ. ಅಪ್ಪ ಪತ್ರಿಕೆಯೊಂದಕ್ಕೆ ಫುಟ್‌ಬಾಲ್ ಪಂದ್ಯದ ಫೋಟೊ ತೆಗೆಯುತ್ತಿದ್ದವರು. ಗೋಲ್ ಕಂಬದ ಪಕ್ಕ ಮಂಡಿಯೂರಿ ಕೂತು, ಉದ್ದಮೂತಿಯ ಬಳೆಯನ್ನು ತನ್ನ ಕಡೆ ಎಳೆದರೆ ಆ ತುದಿಯ ಗೋಲ್‌ಕೀಪರನ ಮೀಸೆ ಎಣಿಸಬಹುದು. ಆಚೆ ತಳ್ಳಿದರೆ ಇಡೀ ಮೈದಾನ ಒಳಗೆ ಬರುತ್ತದೆ. ಎಳೆಯುವುದಕ್ಕೂ ಅದೇ ಬಳೆ, ತಿರುಗಿಸಿ ಸ್ಪಷ್ಟ ಮಾಡುವುದಕ್ಕೂ ಅದೇ ಬಳೆ. ಮೊದಲು ಪೂರ್ತಿ ಎಳೆದು, ಮುಖ ಚೆನ್ನಾಗಿ ಕಾಣುವ ಹಾಗೆ ತಿರುಗಿಸಿ, ಆಮೇಲೆ ಎಷ್ಟು ಬೇಕೋ ಅಷ್ಟು ಮುಂದಕ್ಕೆ ಬಿಡಬೇಕು. ಇದು ಅಪ್ಪನ ಪಾಠ. ಪಾಠ ನಡೆಯುತ್ತಿದ್ದದ್ದು ಚಿಕ್ಕ ಮಗನಿಗೆ. ದೊಡ್ಡ ಮಗ ಹಿಂದೆ ಬ್ಯಾಗು ಹೊತ್ತು ನಿಂತು ಕೇಳಿಸಿಕೊಳ್ಳುತ್ತಿದ್ದ.

"ಅಪ್ಪಾ, ನಾನೂ ಒಂದ್ಸಲ ಒತ್ತಲಾ?" ಅಂತ ಕೇಳಿದ್ದ ಒಮ್ಮೆ.

ಅಪ್ಪ ತಿರುಗಿಯೂ ನೋಡದೆ ಹೇಳಿದ್ದರು. "ಅವನಿಗೆ ಕಣ್ಣಿದೆ, ನಿನಗೆ ಬೆನ್ನಿದೆ. ದೇವ್ರು ಕೊಟ್ಟಿದ್ದನ್ನ ಬಳಸ್ಕೋ."

ಪಕ್ಕದಲ್ಲಿದ್ದ ಫೋಟೊದವರೆಲ್ಲ ನಕ್ಕರು. ಮಾತು ಹಿಡಿಸಿತು ಅಂತ ಅಪ್ಪ ಮುಂದಿನ ಪಂದ್ಯದಲ್ಲೂ ಅದನ್ನೇ ಹೇಳಿದರು. ಅಷ್ಟು ವರ್ಷ ಹೆಗಲಿಗೆ ಗಂಟು ಬರುವಷ್ಟು ಹೊತ್ತರೂ ಆ ಲೆನ್ಸಿನಲ್ಲಿ ಹಲ್ಲಣ್ಣ ತೆಗೆದ ಚಿತ್ರ ಒಂದೂ ಇಲ್ಲ.

ಚಿಕ್ಕ ಮಗ ದೊಡ್ಡವನಾಗಿ ಹಳೇ ಕ್ಯಾಮೆರಾ ಕೊಳ್ಳುವ, ರಿಪೇರಿ ಮಾಡುವ, ಮಾರುವ ಅಂಗಡಿ ಹಾಕಿದ. ಅಪ್ಪನಿಗೆ ಕಣ್ಣು ಮಂಜಾದಾಗ ಲೆನ್ಸನ್ನು ಸರ್ವೀಸ್ ಮಾಡಿಕೊಡುತ್ತೇನೆ ಅಂತ ಒಯ್ದ. ಅಪ್ಪ ಇದ್ದದ್ದು ದೊಡ್ಡವನ ಮನೆಯಲ್ಲಿ. ದಿನಾ ಬೆಳಿಗ್ಗೆ ಹಾಸಿಗೆಯಿಂದಲೇ ಕೂಗು: "ಲೆನ್ಸು ಸರ್ವೀಸಿಂದ ಬಂತೇನೋ?" ಹಲ್ಲಣ್ಣ ಷರಟಿಗೆ ಗುಂಡಿ ಹಾಕುತ್ತಾ, "ಬರುತ್ತೆ ಅಪ್ಪ" ಅನ್ನುತ್ತಿದ್ದ. ಬರಲಿಲ್ಲ. ಅಪ್ಪನೇ ಹೋದರು.

ಪಾಲಿನಲ್ಲಿ ಕ್ಯಾಮೆರಾದ ಡಬ್ಬಿ ಅಣ್ಣನಿಗೆ ಬಂತು. ಮೂತಿ ತಮ್ಮನ ಅಂಗಡಿಯಲ್ಲೇ ಉಳಿಯಿತು. ಲೆನ್ಸಿಲ್ಲದ ಕ್ಯಾಮೆರಾ ಹೇಗಿರುತ್ತದೆ ಅಂದರೆ, ಕಟ್ಟಿಸಿದ ಹಲ್ಲು ತೆಗೆದಿಟ್ಟ ಬಾಯಿ ಇರುತ್ತದಲ್ಲ, ಹಾಗೆ. ಹಲ್ಲಣ್ಣ ಅದಕ್ಕೆ ಹೊಸ ರೀಲು ತುಂಬಿಸಿ ಕಪಾಟಿನಲ್ಲಿಟ್ಟಿದ್ದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಅಪ್ಪನ ಆ ಲೆನ್ಸು ಹಾಕಿ, ಮೈದಾನದ ಗೋಲ್ ಕಂಬದ ಪಕ್ಕ ಮಂಡಿಯೂರಿ, ಬಳೆ ಎಳೆದು, ತನ್ನ ಬೆರಳಿನಲ್ಲಿ ಗುಂಡಿ ಒತ್ತಬೇಕು. ಬೇರೆ ಲೆನ್ಸು ಹಾಕಬಹುದಿತ್ತು. ಅದು ಬೇರೆ ಲೆನ್ಸು.

ಭಾನುವಾರ ಸಂಜೆ ತಮ್ಮನ ಅಂಗಡಿಯ ಮಹಡಿಯಲ್ಲಿ ರೀಲು ಹುಚ್ಚಿನವರ ಕೂಟ ಸೇರುತ್ತದೆ. ರಿಟೈರಾದ ಮೇಷ್ಟ್ರೊಬ್ಬರು ಹಿರಿಯರು. ಒಬ್ಬ ಕಂಟ್ರಾಕ್ಟರು, ಕಟ್ಟಡಕ್ಕಿಂತ ಕ್ಯಾಮೆರಾ ಜಾಸ್ತಿ ಇರುವವನು. ಇತ್ತೀಚೆಗೆ ಸೇರಿದ ಒಬ್ಬಳು ಕಾಲೇಜು ಹುಡುಗಿ. ಮತ್ತೆ ನಾಲ್ಕಾರು ಜನ, ಇವರು ನಕ್ಕಾಗ ನಗುವುದಕ್ಕೆ.

ಕೂಟದಲ್ಲಿ ಒಂದು ಆಟ ಉಂಟು, ಗುರುತು ಆಟ. ಲೆನ್ಸಿನ ಮುಂದುಗಡೆ ಗಾಜಿನ ಸುತ್ತ ಹೆಸರು, ನಂಬರು ಕೆತ್ತಿರುತ್ತದಲ್ಲ, ಆ ಬಳೆಯ ಮೇಲೆ ಕರಿ ಟೇಪು ಸುತ್ತಿ ಮೇಜಿನ ಮೇಲೆ ಇಡುತ್ತಾರೆ. ಮುಟ್ಟಬಹುದು, ತಿರುಗಿಸಬಹುದು, ಟಾರ್ಚು ಬಿಡಬಹುದು. ಯಾವ ಲೆನ್ಸು ಅಂತ ಹೇಳಬೇಕು. ಬಳೆ ಬಲಕ್ಕೆ ತಿರುಗುತ್ತದೋ ಎಡಕ್ಕೋ, ಒಳಗಿನ ಬ್ಲೇಡುಗಳು ಮುಚ್ಚಿದಾಗ ನಡುವಿನ ತೂತು ಯಾವ ಆಕಾರ, ಗಾಜಿನಲ್ಲಿ ಟ್ಯೂಬ್‌ಲೈಟು ನೇರಳೆಯಾಗಿ ಕಾಣುತ್ತದೋ ಹಳದಿಯಾಗಿಯೋ, ಕ್ಯಾಮೆರಾಗೆ ಕೂರುವ ಕಡೆ ಸ್ಕ್ರೂ ತರಹ ತಿರುಪುತ್ತದೋ ಅಥವಾ ಅರ್ಧ ತಿರುವಿಗೇ ಕಚ್ಚಿಕೊಳ್ಳುತ್ತದೋ, ಇವೆಲ್ಲ ಗುರುತು. ತಪ್ಪು ಹೇಳಿದವರು ಅವತ್ತಿನ ಚಹಾ ಲೋಟ ತೊಳೆಯಬೇಕು. ಹಲ್ಲಣ್ಣ ಎಂದೂ ಲೋಟ ತೊಳೆದವನಲ್ಲ.

ಇನ್ನೊಂದು ವಿಷಯಕ್ಕೂ ಅವನೇ ಬೇಕು. ಫಂಗಸ್. ಹಳೇ ಲೆನ್ಸಿನ ಒಳಗೆ ತೇವ ಕೂತರೆ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟಿನ ಎಳೆ ಹಬ್ಬುತ್ತದೆ. ಅದು ಪಕ್ಕದ ಲೆನ್ಸಿಗೂ ಅಂಟುತ್ತದೆ ಅಂತ ಈ ಜನಕ್ಕೆ ಸಾವಿಗಿಂತ ಹೆಚ್ಚು ಭಯ. ಅನುಮಾನ ಬಂದರೆ ಹಲ್ಲಣ್ಣನ ಕೈಗೆ ಕೊಡುತ್ತಾರೆ. ಅವನು ಹಿಂದಿನಿಂದ ಟಾರ್ಚು ಬಿಟ್ಟು, ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ನೋಡಿ, ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಇದ್ದದ್ದು ನೇರ ಮೆಟ್ಟಿಲ ಕೆಳಗಿನ ಕಬ್ಬಿಣದ ಬಕೆಟ್ಟಿಗೆ. ಬಕೆಟ್ಟು ತುಂಬಿದ ದಿನ ಗುಜರಿಯವನು ಬರುತ್ತಾನೆ.

ಆ ಭಾನುವಾರ ಹಲ್ಲಣ್ಣ ಎಲ್ಲರೆದುರೇ ಕೇಳಿಬಿಟ್ಟ.

"ಲೋ, ಅಪ್ಪನ ಲೆನ್ಸು ಎಲ್ಲೋ?"

"ಸರ್ವೀಸಲ್ಲಿದೆ ಅಣ್ಣ."

"ಸರ್ವೀಸ್ ಮಾಡೋನೇ ನೀನು. ನಿನ್ನ ಹತ್ರದಿಂದ ಇನ್ನೆಲ್ಲಿಗೆ ಹೋಗುತ್ತೆ?"

ಕಂಟ್ರಾಕ್ಟರು ಚಹಾ ಲೋಟ ಕೆಳಗಿಟ್ಟ. "ಓಹೋ! ಅಣ್ಣಂಗೆ ಹೊಸ ಹಲ್ಲು ಬಂದಿದೆ ಕಣ್ರಪ್ಪ, ಕಚ್ತಾವ್ನೆ."

ತಮ್ಮ ನಕ್ಕ. ಅವನ ನಗು ಯಾವತ್ತೂ ಅಪ್ಪನದೇ, ಒಂದು ಕಡೆ ತುಟಿ ಮಾತ್ರ ಮೇಲೇಳುವುದು. "ಅಷ್ಟು ಆಸೆ ಇದ್ರೆ ಒಂದ್ ಕೆಲ್ಸ ಮಾಡೋಣ ಅಣ್ಣ. ಮುಂದಿನ ವಾರ ಅದೇ ಮಾಡೆಲ್‌ದು ಮೂರು ಇಡ್ತೀನಿ. ಅಪ್ಪಂದು ಯಾವುದು ಹೇಳು. ಹೇಳಿದ್ರೆ ಎತ್ಕೊಂಡು ಹೋಗು. ತಪ್ಪಿದ್ರೆ ಇನ್ಮೇಲೆ ಅದರ ಹೆಸ್ರು ಎತ್ತಬಾರ್ದು."

"ಅಪ್ಪನ ಲೆನ್ಸಿಗೂ ಆಟಾನಾ?"

"ಯಾಕೆ? ಹೊತ್ತೋನು ನೀನಲ್ವಾ? ಗುರುತು ಸಿಗಲ್ವಾ?"

ಕೂಟ ಒಂದೇ ಸಲ "ಹೋ" ಅಂದಿತು. ಮೇಷ್ಟ್ರು ಕೈಯೆತ್ತಿ ಸುಮ್ಮನಾಗಿಸಿ ನಿಯಮ ಹೇಳಿದರು. ಅಪ್ಪನ ಲೆನ್ಸಿನ ನಂಬರು ಹಲ್ಲಣ್ಣನಿಗೆ ಬಾಯಿಪಾಠ; ಅವನು ಒಂದನ್ನು ಆರಿಸಿದ ಮೇಲೆ ಟೇಪು ಬಿಚ್ಚುವುದು, ನಂಬರು ಇವನೇ ಓದುವುದು. ಯಾರದ್ದೂ ತಕರಾರಿಲ್ಲ. ಹಲ್ಲಣ್ಣನದೂ ಇಲ್ಲ. ಅವನಂತೂ ಗೆದ್ದೇಬಿಟ್ಟೆ ಅಂತ ಮೆಟ್ಟಿಲು ಎರಡೆರಡು ಹಾರಿ ಇಳಿದ.

ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಾ ಪೂರ್ತಿ ಕೇಳಿಸಿಕೊಂಡಳು.

"ಮೂರು ಹೆಂಗಸರಿಗೆ ಮುಸುಕು ಹಾಕಿ ಕೂರಿಸಿದ್ರೆ ನನ್ನ ಗುರುತು ಹಿಡೀತೀರಾ?"

"ಬಾಯಿ ತೆಗೆದ್ರೆ ಹಿಡೀತೀನಿ."

"ಹಲ್ಲು ನೋಡಿನಾ?"

"ಹಲ್ಲು ನೋಡೋ ಅಷ್ಟು ಹೊತ್ತು ಎಲ್ಲಿ, ಮಾತು ಕೇಳಿದ್ರೆ ಸಾಕು."

ಅವಳು ಮಡಚಿದ ಟವೆಲು ಅವನ ಬೆನ್ನಿಗೆ ಬೀಸಿದಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. "ನಿಮ್ಮ ತಮ್ಮ ಸೋಲೋ ಆಟ ಆಡೋನಲ್ಲ. ಮಾವ ಹೋದ ದಿನ ಎಲ್ರೂ ಅಳ್ತಾ ಇದ್ರೆ, ಅವನು ಕ್ಯಾಮೆರಾ ಕಪಾಟಿನ ಬೀಗದ ಕೈ ಎಲ್ಲಿ ಅಂತ ನನ್ನ ಕೇಳಿದ್ದ. ಯೋಚನೆ ಮಾಡಿ ಹೋಗಿ."

"ನಂಬರು ಸುಳ್ಳು ಹೇಳಲ್ಲ ಕಣೇ. ನನ್ನ ಕೈನೂ ಹೇಳಲ್ಲ."

ಇನ್ನೊಂದು ಭಾನುವಾರ ಬಂತು. ಸುದ್ದಿ ಹಬ್ಬಿ ಮಹಡಿಯಲ್ಲಿ ಎಂದಿಗಿಂತ ಜನ ಜಾಸ್ತಿ. ಮೇಜಿಗೆ ಹಸಿರು ಬಟ್ಟೆ, ಅದರ ಮೇಲೆ ಮೂರು ಉದ್ದಮೂತಿ, ಮೂರಕ್ಕೂ ಕತ್ತಿಗೆ ಕರಿ ಟೇಪು. ಬಳೆಯ ರಬ್ಬರು ಕಿತ್ತು ಮೂರಕ್ಕೂ ಒಂದೇ ತರಹ ಸೈಕಲ್ ಟ್ಯೂಬಿನ ತುಂಡು ಹಾಕಿದ್ದ ತಮ್ಮ. ಹಲ್ಲಣ್ಣ ಟಾರ್ಚು, ಹಲ್ಲಿನ ಕನ್ನಡಿ ತೆಗೆದು ಸಾಲಾಗಿ ಇಟ್ಟುಕೊಂಡ.

"ಅರಿವಳಿಕೆ ಕೊಟ್ಟಿದೀರಾ ಡಾಕ್ಟ್ರೇ?" ಅಂದ ಕಂಟ್ರಾಕ್ಟರು.

ಮೊದಲನೆಯದನ್ನು ಎತ್ತಿದ. ಎತ್ತಿ, ಮೂತಿ ಕೆಳಗೆ ಮಾಡಿ ಹಿಡಿದ. ಈ ಜಾತಿಯ ಲೆನ್ಸಿಗೆ ವಯಸ್ಸಾದರೆ ಒಳಗಿನ ಬಿಗಿ ಹೋಗುತ್ತದೆ. ಬಗ್ಗಿಸಿದರೆ ಬಳೆ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಎಲ್ಲವೂ ಜಾರುತ್ತವೆ. ಆದರೆ ಅಪ್ಪನದು ಒಮ್ಮೆ ಗ್ಯಾಲರಿಯ ಮೆಟ್ಟಿಲಿಂದ ಬಿದ್ದಿತ್ತು. ಅಂದಿನಿಂದ ಅದರ ಬಳೆ ಅರ್ಧ ದಾರಿಯಲ್ಲಿ ಒಮ್ಮೆ ತಡೆದು, ಬಿಕ್ಕಳಿಸಿದ ಹಾಗೆ ಅಲುಗಿ, ಆಮೇಲೆ ಟಕ್ ಅಂತ ಬೀಳುತ್ತಿತ್ತು.

ಈ ಬಳೆ ಜಾರಿತು. ಅರ್ಧದಲ್ಲಿ ತಡೆಯಿತು. ಬಿಕ್ಕಿತು. ಟಕ್.

ಹಲ್ಲಣ್ಣ ಲೆನ್ಸನ್ನು ಎತ್ತಿ ತೋರಿಸಿದ. "ಇದು," ಅಂದ. "ಇದೇ."

"ಮಿಕ್ಕಿದ್ದೂ ನೋಡಣ್ಣ," ಅಂದ ತಮ್ಮ. "ಆಮೇಲೆ ತೋರಿಸ್ಲಿಲ್ಲ ಅನ್ನಬೇಡ."

ಅಗತ್ಯವಿರಲಿಲ್ಲ. ಆದರೂ ಗೆದ್ದವನ ಧಾರಾಳತನದಲ್ಲಿ ಎರಡನೆಯದನ್ನು ಎತ್ತಿದ. ಬಗ್ಗಿಸಿದ, ಬಳೆ ತಡೆಯಿಲ್ಲದೆ ಸರ್ರನೆ ಜಾರಿತು. ಇಡಲು ಹೋದವನು ಅಭ್ಯಾಸಬಲದಿಂದ ಹಿಂದಿನ ಗಾಜಿಗೆ ಟಾರ್ಚು ಓರೆಯಾಗಿ ಬಿಟ್ಟ. ಬಿಟ್ಟವನು ಹಾಗೇ ನಿಂತ. ಗಾಜಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೀರು, ಉಗುರು ಕತ್ತರಿಸಿ ಬಿಸಾಡಿದ ತುಣುಕಿನ ಆಕಾರದ್ದು. ಆ ಗೀರು ಎಳೆದದ್ದು ಅವನೇ, ಚಿಕ್ಕವನಿದ್ದಾಗ, ಮೈದಾನದ ಮರಳು ಹತ್ತಿದ ಕರವಸ್ತ್ರದಲ್ಲಿ ಒರೆಸಿ. ಅವತ್ತು ಅಪ್ಪ ಕೊಟ್ಟ ಏಟಿಗೆ ಅಲುಗಿದ ಹಲ್ಲು ಆಮೇಲೆ ಬಿದ್ದೇ ಹೋಯಿತು. ಈಗ ಅವನ ಬಾಯಲ್ಲಿ ಆ ಜಾಗದಲ್ಲಿ ಇರುವುದು ಅವನೇ ಮಾಡಿದ ಹಲ್ಲು.

ಮೊದಲನೆಯದನ್ನು ಮತ್ತೆ ಎತ್ತಿಕೊಂಡು ಹಿಂದಿನ ಗಾಜು ನೋಡಿದ. ಗೀರಿಲ್ಲ. ಎರಡನೆಯದನ್ನು ಮತ್ತೆ ಬಗ್ಗಿಸಿದ. ಬಿಕ್ಕಳಿಕೆ ಇಲ್ಲ.

"ಏನು ಹಲ್ಲಣ್ಣ," ಅಂದರು ಮೇಷ್ಟ್ರು, "ಬಾಯಿಪಾಠ ಮರೆತುಹೋಯ್ತಾ?"

ಮೂರನೆಯದನ್ನು ಎತ್ತಿದ. ಇದು ಜಾರಲೇ ಇಲ್ಲ, ಬಿಗಿಯಾಗಿತ್ತು. ಹಿಂದಿನ ಗಾಜು ನಿರ್ಮಲ. ಸಮಾಧಾನವಾಗಿ ಉಸಿರು ಬಿಟ್ಟು, ಮುಂದಿನ ಗಾಜಿನಲ್ಲಿ ಟ್ಯೂಬ್‌ಲೈಟಿನ ಬಿಂಬ ಹಿಡಿದ. ಗಾಜಿಗೆ ಬಳಿದ ಲೇಪ ಬೆಳಕನ್ನು ನೇರಳೆ ಮಾಡಿ ಕಾಣಿಸಿತು, ಒಂದು ಕಡೆ ಬಿಟ್ಟು. ಅಲ್ಲಿ ಲೇಪ ಸವೆದು ಬಿಳಿಚಿಕೊಂಡಿತ್ತು. ಅಪ್ಪ ಷರಟಿನ ತುದಿಯಲ್ಲಿ ಒರೆಸುವಾಗ ಯಾವಾಗಲೂ ಅದೇ ಮೂಲೆಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಎಷ್ಟು ಸಾವಿರ ಸಲವೋ. ಹೆಬ್ಬೆಟ್ಟಿನಷ್ಟೇ ಅಗಲದ ಬಿಳಿ ಕಲೆ ಅದು.

ಮೂರನ್ನೂ ಮತ್ತೆ ಮತ್ತೆ ಎತ್ತಿದ, ಇಟ್ಟ, ಎತ್ತಿದ. ಕೂಟಕ್ಕೆ ರುಚಿ ಹತ್ತಿತು.

"ಆರಿಸಪ್ಪಾ, ಕತ್ತಲಾಗ್ತಾ ಬಂತು."

"ಹೆರಿಗೆ ವಾರ್ಡಲ್ಲಿ ತೊಟ್ಟಿಲು ಅದಲುಬದಲಾದಂಗಿದೆ."

ಹಲ್ಲಣ್ಣ ಹೇಳಿದ. "ಮೂರೂ."

"ಏನಂದೆ?"

"ಮೂರೂ ಅಪ್ಪಂದೇ."

ಕಂಟ್ರಾಕ್ಟರು ತೊಡೆ ತಟ್ಟಿಕೊಂಡು ಎದ್ದೇ ನಿಂತ. "ಲೇಯ್, ಇವನಿಗೆ ಅಪ್ಪಂದಿರು ಮೂರು ಜನ ಅಂತೆ ಕಣ್ರೋ!"

ಆಮೇಲೆ ಸ್ವಲ್ಪ ಹೊತ್ತು ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಮೇಷ್ಟ್ರು ಬಾಯಿಗೆ ಕರವಸ್ತ್ರ ಒತ್ತಿಕೊಂಡು, "ಛೆ, ಹಂಗೆಲ್ಲ ಅನ್ನಬಾರ್ದು" ಅನ್ನುತ್ತಲೇ ನಕ್ಕರು. ಕಾಲೇಜು ಹುಡುಗಿ ತಲೆ ತಗ್ಗಿಸಿ ನಕ್ಕಳು. ತಮ್ಮ ಮಾತ್ರ ನಗಲಿಲ್ಲ. ಒಂದೊಂದೇ ಟೇಪು ಬಿಚ್ಚಿ, ಲೆನ್ಸನ್ನು ಅಣ್ಣನ ಮುಂದೆ ತಿರುಗಿಸಿಟ್ಟ. ಮೊದಲನೆಯದರ ನಂಬರು ಬೇರೆ. ಎರಡನೆಯದೂ ಬೇರೆ. ಮೂರನೆಯದರ ಮುಂದಿನ ಬಳೆಯ ಮೇಲೆ ಅಪ್ಪನ ನಂಬರು.

"ಓದಣ್ಣ."

ಹಲ್ಲಣ್ಣ ಓದಿದ. ಓದುವಾಗ ಅವನಿಗೆ ಎಲ್ಲ ಅರ್ಥವಾಯಿತು. ಮುಂದಿನ ಬಳೆ ಮುಂದಿನ ಗಾಜಿನ ಜೊತೆ ಬಿಚ್ಚಿ ಬರುತ್ತದೆ. ಹಿಂದಿನ ಗಾಜು ಬೇರೆ, ಕೊಳವೆ ಬೇರೆ.

ಅವನು ತಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ಬಿಚ್ಚಿಬಿಟ್ಯಾ?"

ತಮ್ಮ ಮೆಲ್ಲಗೆ ಹೇಳಲಿಲ್ಲ. "ಬಿಚ್ಚದೆ? ಗಾಜಿನ ಪೆಟ್ಟಿಗೇಲಿ ಇಟ್ಕೊಂಡು ಮುಖ ನೋಡ್ತಾ ಕೂರ್ಲಾ? ಅದೇ ಮಾಡೆಲ್‌ದು ಕೆಟ್ಟವು ಮೂರು ಬಿದ್ದಿದ್ವು. ಒಂದಕ್ಕೆ ಕೊಳವೆ ಸೊಟ್ಟ, ಒಂದಕ್ಕೆ ಹಿಂದಿನ ಗಾಜು ಒಡೆದಿತ್ತು, ಒಂದಕ್ಕೆ ಮುಂದಿನದು. ಅಪ್ಪಂದು ಬಿಚ್ಚಿ ಹಂಚಿದೆ. ಒಂದಿತ್ತು, ಮೂರಾಯ್ತು. ಈ ಲೈನಲ್ಲಿ ಎಲ್ಲರೂ ಮಾಡೋದೇ."

"ಅಪ್ಪ ಇರುವಾಗ್ಲೇ?"

"ಅಪ್ಪಂಗೆ ಆಗ ಬಾಗಿಲು ಯಾವ ಕಡೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಲೆನ್ಸು ತಗೊಂಡು ಏನು ನೋಡ್ತಿದ್ರು?"

"ದಿನಾ ಕೇಳ್ತಿದ್ರಲ್ಲೋ. ಸರ್ವೀಸಿಂದ ಬಂತಾ ಅಂತ."

"ಬರುತ್ತೆ ಬರುತ್ತೆ ಅಂತ ಹೇಳ್ತಿದ್ದೋನು ನೀನು. ನಾನು ಒಂದಿನಾನೂ ಹಾಗೆ ಹೇಳಿಲ್ಲ." ತಮ್ಮ ಕೂಟದ ಕಡೆ ತಿರುಗಿದ. "ಸರಿ, ಆಟ ಮುಗೀತು. ಲೋಟ ತೊಳಿಯೋರು ಯಾರು ಗೊತ್ತಾಯ್ತಲ್ಲ."

ಹಲ್ಲಣ್ಣ ಲೋಟ ತೊಳೆದ. ಮೂಲೆಯ ಸಿಂಕಿನಲ್ಲಿ, ಮೊದಲ ಸಲ, ಒಂದೊಂದೇ. ಬೆನ್ನ ಹಿಂದೆ ಮಾತು ನಡೆದಿತ್ತು. ಅಪರೂಪದ ಮಾಡೆಲ್ಲು, ಮೂರೂ ಕೆಲಸ ಮಾಡುತ್ತಿವೆ, ಇನ್ನು ಇಲ್ಲಿಟ್ಟು ಏನು ಪ್ರಯೋಜನ ಅಂತ ತಮ್ಮ ಹೇಳುತ್ತಿದ್ದ. ನಂಬರಿನದು ನನಗಿರಲಿ, ಅದಕ್ಕೊಂದು ಕತೆ ಇದೆ ಅಂದ ಕಂಟ್ರಾಕ್ಟರು. ಜಾರುವುದಾದರೂ ಪರವಾಗಿಲ್ಲ, ನನಗೆ ಮೊದಲನೆಯದು ಅಂದಳು ಹುಡುಗಿ. ನಡುವಿನದು ಮೇಷ್ಟ್ರಿಗೆ. ಚೀಲದ ಜಿಪ್ಪು ಎಳೆಯುವ ಸದ್ದು ಕೇಳಿಸಿತು.

ಮೂರು ಚೀಲ, ಮೂರು ಮನೆ. ಆಮೇಲೆ ಯಾವ ಜನ್ಮದಲ್ಲೂ ಒಂದು ಕಡೆ ಸೇರುವುದಿಲ್ಲ.

ಆಗ ಅವನಿಗೆ ಮೆಟ್ಟಿಲ ಕೆಳಗಿನ ಬಕೆಟ್ಟು ನೆನಪಾಯಿತು. ಒಂದು ಮಾತು ಸಾಕು, ಮೂರೂ ಅಲ್ಲಿಗೆ ಬೀಳುತ್ತವೆ. ಎಲ್ಲರೂ ಹೋದ ಮೇಲೆ ಎತ್ತಿಕೊಳ್ಳುವುದು. ಅವನ ಹತ್ತಿರ ಸಣ್ಣ ಸ್ಕ್ರೂಡ್ರೈವರುಗಳಿವೆ, ಬೆಳಕಿದೆ, ತಾಳ್ಮೆಯಿದೆ. ಕೊಳವೆಗೆ ಗೀರಿನ ಗಾಜು ಕೂರಿಸಿ, ಮುಂದೆ ಹೆಬ್ಬೆಟ್ಟಿನ ಕಲೆಯ ಗಾಜು ತಿರುಪಿದರೆ ಲೆನ್ಸು ಮತ್ತೆ ಇಡಿಯಾಗುತ್ತದೆ. ಸುಳ್ಳು ಹೇಳಿದ ಅಭ್ಯಾಸ ಅವನಿಗಿರಲಿಲ್ಲ. ಆದರೆ ಅವತ್ತು ಅಷ್ಟು ನಗು ಕೇಳಿಸಿಕೊಂಡ ಮೇಲೆ ಸುಳ್ಳು ದೊಡ್ಡ ವಿಷಯ ಅನ್ನಿಸಲಿಲ್ಲ.

ಕೈ ಒರೆಸಿಕೊಂಡು ಬಂದ. "ಒಂದ್ನಿಮಿಷ. ಆಗ ಗಡಿಬಿಡೀಲಿ ಸರಿಯಾಗಿ ನೋಡ್ಲಿಲ್ಲ." ಹುಡುಗಿಯ ಲೆನ್ಸು ತೆಗೆದುಕೊಂಡು ಟಾರ್ಚು ಬಿಟ್ಟ. ಕನ್ನಡಿ ಹಿಡಿದ. ಹುಬ್ಬು ಗಂಟಿಕ್ಕಿದ. ಮೇಷ್ಟ್ರದು ನೋಡಿದ. ಕಂಟ್ರಾಕ್ಟರನದು ನೋಡಿದ.

"ಎಳೆ ಇದೆ," ಅಂದ.

ಯಾರೋ ಹಾವು ಅಂದ ಹಾಗಾಯಿತು. ಕಂಟ್ರಾಕ್ಟರು ಮುಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೇಜಿನ ಮೇಲೆ ತಂತಮ್ಮ ಲೆನ್ಸು ಇಟ್ಟಿದ್ದವರು ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಗೋಡೆಗೆ ಸರಿದರು. ಹುಡುಗಿ ಚೀಲ ಬೋರಲು ಹಾಕಿ ಕ್ಲೀನ್ ಮಾಡತೊಡಗಿದಳು.

"ಮೂರರಲ್ಲೂ?" ಅಂದರು ಮೇಷ್ಟ್ರು.

"ಮೂರರಲ್ಲೂ. ಒಂದೇ ಲೆನ್ಸಿನ ಭಾಗ ಅಲ್ವಾ, ಹಬ್ಬಿದೆ."

ಮೇಷ್ಟ್ರು ಕನ್ನಡಕ ಏರಿಸಿ ಟಾರ್ಚಿನಲ್ಲಿ ನೋಡಿದರು. ಹಳೇ ಲೆನ್ಸಿನಲ್ಲಿ ಧೂಳು ಇದ್ದೇ ಇರುತ್ತದೆ. "ಹೂಂ, ಇದೆ ಇದೆ," ಅಂದರು. "ಇಲ್ಲಿ ನೋಡಿ, ಕವಲೊಡೆದಿದೆ." ಕಂಟ್ರಾಕ್ಟರು ಮಾರು ದೂರದಿಂದಲೇ ನೋಡಿ ತನಗೂ ಕಂಡಿತು ಅಂದ.

"ಬಕೆಟ್ಟಿಗೆ ಹಾಕಿ," ಅಂದ ಹಲ್ಲಣ್ಣ. ಧ್ವನಿ ಸ್ವಲ್ಪ ಅವಸರದ್ದಾಯಿತು.

ಆ ಅವಸರವೇ ಕೆಡಿಸಿತು. ತಮ್ಮ ಟಾರ್ಚು ಇಸಿದುಕೊಂಡು ತಾನೇ ನೋಡಿದ, ಒಂದೊಂದನ್ನೂ ನಿಧಾನವಾಗಿ. ಆ ಗಾಜುಗಳನ್ನು ಬಿಚ್ಚಿ, ತೊಳೆದು, ಕೂರಿಸಿದವನೇ ಅವನು. ಏನಿದೆ ಏನಿಲ್ಲ ಅಂತ ಅವನಿಗೆ ಗೊತ್ತು. ತಲೆಯೆತ್ತಿ ಅಣ್ಣನ ಮುಖ ನೋಡಿದ. ಆಮೇಲೆ ಕಿಟಕಿಯಿಂದ ಮೆಟ್ಟಿಲ ಕೆಳಗೆ ನೋಡಿದ. ಒಂದು ಕಡೆ ತುಟಿ ಮೇಲೆದ್ದಿತು.

"ಬಕೆಟ್ಟು ಸಾಲದು," ಅಂದ. "ಯಾರಾದ್ರೂ ಎತ್ಕೊಂಡು ಹೋಗ್ತಾರೆ. ಇಂಥದ್ದಕ್ಕೂ ಆಸೆ ಪಡೋರು ಇರ್ತಾರೆ."

ಡ್ರಾಯರಿನಿಂದ ಸುತ್ತಿಗೆ ತೆಗೆದ.

"ಲೋ," ಅಂದ ಹಲ್ಲಣ್ಣ.

ಮೊದಲನೆಯ ಏಟಿಗೆ ಕೊಳವೆ ಒಡೆಯಲಿಲ್ಲ, ಚಪ್ಪಟೆಯಾಯಿತು. ಹಳೇ ಕಾಲದ ಲೋಹ, ಗಟ್ಟಿ. ಎರಡು ಮೂರು ಏಟು ಬೇಕಾದವು. ಒಳಗಿಂದ ಸ್ಪ್ರಿಂಗು, ಪುಟ್ಟ ಬ್ಲೇಡುಗಳು ಕರಿ ಹೂವಿನ ದಳದ ಹಾಗೆ ನೆಲಕ್ಕೆ ಚೆಲ್ಲಿದವು.

"ಇಲ್ಲ ಕಣೋ! ಫಂಗಸ್ ಇಲ್ಲ! ನಾನು ಸುಳ್ಳು ಹೇಳ್ದೆ!"

"ಏನಯ್ಯ ಇದು," ಅಂದರು ಮೇಷ್ಟ್ರು ಸಿಟ್ಟಿನಿಂದ. "ನಾನೇ ಕಣ್ಣಾರೆ ನೋಡಿದ್ನಲ್ಲ? ನಾನು ಸುಳ್ಳಾ?"

"ಮೇಷ್ಟ್ರೇ, ಅದು ಧೂಳು! ಬರೀ ಧೂಳು!"

"ಆಗ ಎಳೆ ಅಂದೆ, ಈಗ ಧೂಳು ಅಂತೀಯ," ಅಂದ ಕಂಟ್ರಾಕ್ಟರು. "ಅಪ್ಪನ ಮೇಲಿನ ಪ್ರೀತಿಗೆ ನಮ್ಮ ಲೆನ್ಸೆಲ್ಲ ಹಾಳಾಗ್ಲಿ ಅಂತಾನಾ? ಹೊಡಿ ನೀನು."

ಹಲ್ಲಣ್ಣ ತಮ್ಮನ ತೋಳು ಹಿಡಿದ. "ನಿನಗೆ ಗೊತ್ತು. ಇಲ್ಲ ಅಂತ ನಿನಗೆ ಗೊತ್ತು ಕಣೋ."

ತಮ್ಮ ತೋಳು ಬಿಡಿಸಿಕೊಳ್ಳಲಿಲ್ಲ. ಬಹಳ ಗೌರವದಿಂದ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ನಮ್ಮಣ್ಣ ಇದೆ ಅಂದ್ರೆ ಇದೆ. ಇಷ್ಟು ವರ್ಷದಲ್ಲಿ ಅವನು ಒಂದ್ಸಲಾನೂ ತಪ್ಪಿದ್ದಿಲ್ಲ. ಅವನ ಮಾತು ತೆಗೆದುಹಾಕೋಕೆ ನಾನ್ಯಾರು?"

ಎರಡನೆಯದಕ್ಕೂ ಹೊಡೆದ. ಮೂರನೆಯದಕ್ಕೆ ಹೊಡೆಯುವ ಮುಂಚೆ ಕೈಯಲ್ಲಿ ಹಿಡಿದು, ನಂಬರು ಕೆತ್ತಿದ ಬಳೆಯ ಮೇಲೆ ಹೆಬ್ಬೆಟ್ಟು ಆಡಿಸಿದ. ಒಂದು ಕ್ಷಣ ನಿಂತ ಹಾಗೆ ಕಂಡಿತು. ಹಲ್ಲಣ್ಣ ಕೈ ಚಾಚಿದ. ತಮ್ಮ ಅದನ್ನು ಬಾಗಿಲ ಬಳಿಯ ಕಲ್ಲಿನ ಮೆಟ್ಟಿಲ ಮೇಲಿಟ್ಟು, ಗಾಜಿಗೇ ನೇರವಾಗಿ ಹೊಡೆದ. ಮುಂದಿನ ಗಾಜು ದಪ್ಪ ಇರುತ್ತದೆ. ಮೊದಲ ಏಟಿಗೆ ಬಿಳುಪೇರಿತು, ಎರಡನೆಯದಕ್ಕೆ ಸೀಳಿತು, ಮೂರನೆಯದಕ್ಕೆ ಸಕ್ಕರೆಯ ಹಾಗೆ ಪುಡಿಯಾಯಿತು.

ಕೂಟ ಬೇಗ ಬೇಗ ಖಾಲಿಯಾಯಿತು. ಹೋಗುವಾಗ ಯಾರೂ ಹಲ್ಲಣ್ಣನ ಹತ್ತಿರ ಸುಳಿಯಲಿಲ್ಲ. ಫಂಗಸ್ ಮುಟ್ಟಿದ ಕೈ. ಕಾಲೇಜು ಹುಡುಗಿ ಮಾತ್ರ ಬಾಗಿಲಲ್ಲಿ ತಿರುಗಿ, "ಅಂಕಲ್, ಕೈ ಸೋಪು ಹಾಕಿ ತೊಳ್ಕೊಳ್ಳಿ" ಅಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಅಣ್ಣ ತಮ್ಮ ಇಬ್ಬರೇ ಉಳಿದರು. ತಮ್ಮ ಪೊರಕೆ ತಂದ. ಹಲ್ಲಣ್ಣ ಮಹಡಿಯ ಬಾಗಿಲಲ್ಲಿ ನಿಂತೇ ಇದ್ದ. ಅಷ್ಟು ಏಟಿನಲ್ಲಿ ಗೀರಿದ್ದ ಆ ಹಿಂದಿನ ಗಾಜೊಂದು ಒಡೆಯದೆ ಹಾರಿ, ಉರುಳಿ, ಅವನ ಬಲಗಾಲಿನ ಪಕ್ಕ ಬಂದು ನಿಂತಿತ್ತು. ಗುಂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ತಮ್ಮ ನೋಡಿರಲಿಲ್ಲ. ಹಲ್ಲಣ್ಣ ಚಪ್ಪಲಿ ಸರಿಸುವವನ ಹಾಗೆ ಮೆಲ್ಲಗೆ ಅದರ ಮೇಲೆ ಪಾದ ಇಟ್ಟ, ಭಾರ ಬೀಳದಂತೆ, ಹಿಮ್ಮಡಿಯ ಮೇಲೆ ನಿಂತು.

ಪೊರಕೆ ಗೋಡೆಯಿಂದ ಶುರುವಾಗಿ, ಮೇಜಿನ ಕಾಲು ಸುತ್ತಿ, ಬಾಗಿಲಿಗೆ ಬಂತು.

"ಅಣ್ಣ, ಕಾಲು ತೆಗಿ," ಅಂದ ತಮ್ಮ. "ಗುಡಿಸ್ಬೇಕು."

ಹಲ್ಲಣ್ಣ ಅಲುಗಲಿಲ್ಲ. ತಮ್ಮ ಬಗ್ಗಿಯೇ ಕಾಯುತ್ತಿದ್ದ, ತಲೆಯೆತ್ತದೆ, ಆತುರವಿಲ್ಲದೆ, ಅಂಗಡಿ ಮುಚ್ಚುವ ಹೊತ್ತಿನವರೆಗೂ ಕಾಯಬಲ್ಲವನ ಹಾಗೆ.

"ತೆಗಿಯಣ್ಣ."

ಅವನು ಕಾಲೆತ್ತಿದ.